ಬೇಕಾ ಅಂತ ಕೇಳಬಾರದು

ನಮ್ಮ ಅವ್ವನ ಅಡುಗೆಮನೆಯಲ್ಲಿ ಒಂದು ಕಾನೂನಿತ್ತು. ಮನೆಗೆ ಬಂದವರನ್ನು ‘ಕಾಫಿ ಬೇಕಾ’ ಅಂತ ಕೇಳಬಾರದು. “ಬೇಕಾ ಅಂತ ಕೇಳುದ್ರೆ ಮಾನಸ್ಥರು ಬೇಕು ಅಂದಾರಾ? ಸುಮ್ನೆ ತಂದು ಮಡಗು” ಅನ್ನೋಳು. ಕೇಳಿದರೆ ಕೊಡಲು ಮನಸ್ಸಿಲ್ಲ ಅಂತ ಲೆಕ್ಕ. ನಾನು ಮದ್ದೂರು ಕಡೆಯ ಹಳ್ಳಿಯಲ್ಲಿ ಬೆಳೆದವಳು. ಮದುವೆಯಾಗಿ ಮೈಸೂರಿಗೆ ಬಂದು 23 ವರ್ಷವಾಯಿತು. ಇಷ್ಟು ವರ್ಷದಲ್ಲಿ ಈ ಕಾನೂನು ಮುರಿಯುವ ಯೋಚನೆಯೂ ನನಗೆ ಬಂದಿರಲಿಲ್ಲ. ಮೇಲಿನ ಮನೆಗೆ ಆ ಹುಡುಗಿ ಬಾಡಿಗೆಗೆ ಬರುವ ತನಕ.

ನಮ್ಮದು ಗೋಕುಲಂ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂ ಬಿಟ್ಟು ಇಲ್ಲಿಗೆ ಬಂದ ಮೇಲೆ, ಈ ಬಡಾವಣೆಯ ಎಷ್ಟೋ ಮನೆಗಳ ಪಕ್ಕಕ್ಕೆ ಹೊಸದಾಗಿ ಹೊರಮೆಟ್ಟಿಲು ಹುಟ್ಟಿಕೊಂಡವು. ಮೇಲೊಂದು ರೂಮು, ಪುಟ್ಟ ಅಡುಗೆಮನೆ, ಯೋಗ ಕಲಿಯಲು ಬರುವವರಿಗೆ ಬಾಡಿಗೆ. ನಮ್ಮ ಮನೆಗೂ ಅಂಥದ್ದೊಂದು ಮೆಟ್ಟಿಲಿದೆ. ನಸುಕಿನಲ್ಲೇ ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ, ಬಿಸಿಲೇರುವ ಹೊತ್ತಿಗೆ ಎಳನೀರಿನ ಗಾಡಿ ಮುಂದೆ ನಿಂತಿರುತ್ತಾರೆ. ‘ಕಾಫಿ ಇಲ್ಲದಿದ್ದರೆ ಪ್ರಾಣವೂ ಇಲ್ಲ’ ಅನ್ನುವುದು ಈ ಯೋಗದವರ ನಡುವೆ ಓಡಾಡುವ ತಮಾಷೆಯ ಮಾತು. ಹಾಗಾಗಿ ಫಿನ್‌ಲ್ಯಾಂಡಿನ ಈ ಹುಡುಗಿ ಬಂದ ದಿನ ನಾನೇನೂ ಯೋಚಿಸಲಿಲ್ಲ. ಲೋಟ ಬಟ್ಟಲಲ್ಲಿ ನೊರೆ ಎದ್ದ ಕಾಫಿ ಮಾಡಿಕೊಂಡು ಮೆಟ್ಟಿಲು ಹತ್ತಿದೆ.

ಅವಳು ಮೂಸಿ ನೋಡಿದಳು. ಹಾಲು, ಸಕ್ಕರೆ ತಾನು ಹಾಕಿಕೊಳ್ಳುವುದಿಲ್ಲ ಅಂದಳು. ಥ್ಯಾಂಕ್ಸ್ ಅಂದಳು. ಲೋಟ ವಾಪಸ್ ಕೊಟ್ಟಳು.

ಲೋಟ ವಾಪಸ್! ನಮ್ಮ ಕಡೆ ಹಾಗೆ ಮಾಡಿದರೆ ಮುಂದಿನ ಮೂರು ಮದುವೆಗೆ ಮಾತುಕತೆ ಇರುವುದಿಲ್ಲ. ಇಷ್ಟವಿಲ್ಲದಿದ್ದರೆ ಎರಡು ಗುಟುಕು ಕುಡಿದು ಇಡಬೇಕು. ತೀರಾ ಆಗದಿದ್ದರೆ ಯಾರೂ ನೋಡದಾಗ ತುಳಸಿ ಗಿಡದ ಬುಡಕ್ಕೆ ಹಾಕಬೇಕು. ಕೊಟ್ಟವರ ಕೈಗೇ ತಿರುಗಿ ಕೊಡುವುದು ಅಂದರೇನು? ನಾನು ಅದೇ ಮೆಟ್ಟಿಲ ಮೇಲೆ ಕೂತು, ಸಿಟ್ಟಿನಲ್ಲಿ ಅಷ್ಟೂ ಕಾಫಿ ಕುಡಿದೆ. ಚೆನ್ನಾಗೇ ಇತ್ತು.

ಆಮೇಲೆ ಗೊತ್ತಾಯಿತು, ಕಾಫಿಯ ವಿಷಯದಲ್ಲಿ ಅವಳು ನನಗಿಂತ ದೊಡ್ಡ ಮನೆತನದವಳು. ಫಿನ್‌ಲ್ಯಾಂಡಿನಲ್ಲಿ ಒಬ್ಬೊಬ್ಬರ ಲೆಕ್ಕಕ್ಕೆ ವರ್ಷಕ್ಕೆ 10 ಕಿಲೋ ಮೇಲೆಯೇ ಕಾಫಿ ಬೀಳುತ್ತದೆ. ಜಗತ್ತಿನಲ್ಲಿ ಅಷ್ಟು ಕುಡಿಯುವವರು ಕಡಿಮೆ. ಕೆಲಸದ ನಡುವಿನ ಕಾಫಿ ಬಿಡುವನ್ನು ಅಲ್ಲಿ ಕಾರ್ಮಿಕರ ಒಪ್ಪಂದದಲ್ಲೇ ಬರೆದಿರುತ್ತಾರಂತೆ. ನಮ್ಮ ದೇಶದಲ್ಲಿ ತಲೆಗೆ 100 ಗ್ರಾಂ ಕೂಡ ಬರುವುದಿಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕದಲ್ಲೇ, ಅದರಲ್ಲೂ ಕೊಡಗು ಮುಂದು. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹಡಗು ಹತ್ತುತ್ತದೆ. ನಾವು ಕಾಫಿ ಕಾಫಿ ಅಂತ ಜಂಬ ಪಡುವುದೇ ಜಾಸ್ತಿ.

ಅವಳು ಮೂಸಿ ನೋಡಿದ್ದು ಚಿಕೋರಿಯನ್ನು. ನಮ್ಮ ಮಾವನವರ ಲೆಕ್ಕ ಇವತ್ತಿಗೂ 80:20, ಅಂದರೆ ಕಾಫಿ 80, ಚಿಕೋರಿ 20. ದೇವರಾಜ ಮಾರುಕಟ್ಟೆ ಕಡೆಯ ಪುಡಿ ಅಂಗಡಿಯಲ್ಲಿ ಬೀಜದಲ್ಲಿ ಪೀಬೆರಿ ಇಷ್ಟು, ಪ್ಲಾಂಟೇಷನ್ ಎ ಇಷ್ಟು ಅಂತ ಹೇಳಿ, ಕಣ್ಣೆದುರೇ ಹುರಿಸಿ, ಬೀಸಿಸಿಕೊಂಡು ಬರುತ್ತಾರೆ. ಬಿಸಿ ಪುಡಿಯ ಪೊಟ್ಟಣ ಎದೆಗೊತ್ತಿಕೊಂಡು ಬಸ್ಸಿನಲ್ಲಿ ಬಂದರೆ ಇಡೀ ಬಸ್ಸಿಗೆ ಘಮ. ಚಿಕೋರಿ ಕಾಫಿ ಅಲ್ಲವೇ ಅಲ್ಲ, ಒಂದು ಗಿಡದ ಬೇರು. ಗುಜರಾತ್, ಉತ್ತರಪ್ರದೇಶದ ಕಡೆ ಬೆಳೆಯುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಬೇರಿನೊಳಗಿರುವ ಇನುಲಿನ್ ಅನ್ನುವ ನಾರಿನಂಶ ಹುರಿದಾಗ ಕಂದಿ, ಡಿಕಾಕ್ಷನ್ನಿಗೆ ಆ ಕಪ್ಪು ಬಣ್ಣ, ಆ ಮಂದ, ಆ ಸುಟ್ಟ ಸಕ್ಕರೆಯ ಕಹಿ ಕೊಡುತ್ತದೆ. ಹಾಲು ಎಷ್ಟು ಸುರಿದರೂ ಕಾಫಿ ಸೋಲುವುದಿಲ್ಲ. ಕಾಫಿ ಚಿಕೋರಿ ಬೆರಕೆಯಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು ಅನ್ನುವುದು ನಮ್ಮ ಕಾನೂನು. ಅಂದರೆ ಉಳಿದ 49ರಲ್ಲಿ ಬರೀ ಬೇರಿದ್ದರೂ ಅದಕ್ಕೆ ನಾವು ಫಿಲ್ಟರ್ ಕಾಫಿ ಅಂತಲೇ ಕರೆಯುತ್ತೇವೆ, ‘ಆಹಾ’ ಅನ್ನುತ್ತೇವೆ. ಬಡತನಕ್ಕೆ ಬೆರೆಸಿದ್ದು ರುಚಿಯೇ ಆಗಿಬಿಟ್ಟಿದೆ. ನನಗಂತೂ ಚಿಕೋರಿ ಇಲ್ಲದ ಕಾಫಿ ಉಪ್ಪಿಲ್ಲದ ಸಾರು.

ಎರಡು ದಿನ ಬಿಟ್ಟು ಅವಳೇ ಕರೆದಳು. ಮೇಲೆ ಹೋದೆ. ಕಾಫಿ ಕುಡಿಯುತ್ತೀರಾ ಅಂತ ಕೇಳಿದಳು. ನಾನು ವಾಡಿಕೆಯಂತೆ “ಅಯ್ಯೋ ಬೇಡ, ಈಗ ತಾನೇ ಆಯ್ತು” ಅಂದೆ. ಅವಳು “ಓಕೆ” ಅಂದಳು. ತನಗೊಂದು ಕಪ್ಪು ಬಗ್ಗಿಸಿಕೊಂಡು ಎದುರಿಗೆ ಕೂತು ಕುಡಿಯತೊಡಗಿದಳು.

ನಾನು ಕಾದೆ. ಎರಡನೇ ಸಲ ಕೇಳಲೇ ಇಲ್ಲ.

ಒಂದು ‘ಬೇಡ’ಕ್ಕೆ ಯಾರಾದರೂ ಬೆಲೆ ಕೊಡುತ್ತಾರಾ? ನಮ್ಮಲ್ಲಿ ಮೊದಲನೇ ಬೇಡ ಮರ್ಯಾದೆಗೆ. ಎರಡನೇದು ಸಂಕೋಚಕ್ಕೆ. ಮೂರನೇದರಲ್ಲಿ ದನಿ ಎಷ್ಟು ಮೆತ್ತಗಿದೆ ಅಂತ ನೋಡಿ ಲೋಟಕ್ಕೆ ಸುರಿಯಬೇಕು. ಈ ಆಟ ನಮ್ಮದು ಮಾತ್ರ ಅಂದುಕೊಂಡಿದ್ದೆ. ಅಲ್ಲ. ಹಿಂದೆ ನಮ್ಮ ಪಕ್ಕದ ಮನೆಯಲ್ಲಿ ಮಾನಸಗಂಗೋತ್ರಿಗೆ ಓದಲು ಬಂದ ಇರಾನಿನ ಹುಡುಗರಿದ್ದರು. ಆ ಮನೆಯ ಆಂಟಿ “ಇವು ನಮ್ಮ ಮಂಡ್ಯದವೇ ಕಣೇ” ಅಂತ ನಗುತ್ತಿದ್ದರು. ಇರಾನಿನಲ್ಲಿ ಇದಕ್ಕೆ ತಾರೋಫ್ ಅಂತ ಹೆಸರೇ ಇದೆ. ಕೊಡುವವರು ಒತ್ತಾಯ ಮಾಡಬೇಕು, ತೆಗೆದುಕೊಳ್ಳುವವರು ಬೇಡ ಬೇಡ ಅನ್ನಬೇಕು. ಅಂಗಡಿಯವನು ಕೂಡ ದುಡ್ಡು ಕೊಡಲು ಹೋದರೆ ‘ಅದೇನು ಮಹಾ, ಬಿಡಿ’ ಅನ್ನುತ್ತಾನಂತೆ. ಹಾಗಂದನೆಂದು ಸಾಮಾನು ಎತ್ತಿಕೊಂಡು ಹೊರಟರೆ ಕೆಟ್ಟಿರಿ. ನಮ್ಮೂರಿನ ಪೆಟ್ಟಿಗೆ ಅಂಗಡಿಯಲ್ಲೂ ಇದೇ ಅಲ್ವಾ? “ದುಡ್ ಯಾಕ್ ಬುಡಕ್ಕ” ಅನ್ನುತ್ತಲೇ ಕೈ ಚಾಚಿರುತ್ತಾನೆ.

ಆ ಮನೆಗೆ ಆಮೇಲೆ ಯೆಮೆನ್ ಹುಡುಗರು ಬಂದರು. ಬಾಬಾ ಬುಡನ್ ಮೋಕಾದಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಅನ್ನುವ ಕಥೆ ಗೊತ್ತಲ್ಲ. ಆ ಮೋಕಾ ಇರುವುದು ಯೆಮೆನ್‌ನಲ್ಲಿ. ಇವರ ಕಾಫಿ ಹೇಗಿರಬಹುದು ಅಂತ ಆಸೆಯಿಂದ ಹೋದರೆ ಅವರು ಕೊಟ್ಟದ್ದು ಕಾಫಿ ಹಣ್ಣಿನ ಒಣ ಸಿಪ್ಪೆಯನ್ನು ಶುಂಠಿ ಹಾಕಿ ಕುದಿಸಿದ ಕಷಾಯ. ಕಿಶ್ರ್ ಅನ್ನುತ್ತಾರೆ. ಬೀಜ ಪರದೇಶಕ್ಕೆ, ಸಿಪ್ಪೆ ಮನೆಗೆ. ನನಗೆ ಹಳ್ಳಿಯಲ್ಲಿ ಒಳ್ಳೇ ಬಾಳೆಗೊನೆ ಸಂತೆಗೆ ಹೋಗಿ, ಕಪ್ಪಾದ ಚಿಪ್ಪು ನಮ್ಮ ಪಾಲಿಗೆ ಬರುತ್ತಿದ್ದದ್ದು ನೆನಪಾಯಿತು.

ಈ ಉಪಚಾರದ ಆಟದಲ್ಲಿ ನಾನು ಸಂಪೂರ್ಣವಾಗಿ ಸೋತದ್ದು ಬೈಲಕುಪ್ಪೆಯಲ್ಲಿ. ಮೈಸೂರಿನಿಂದ ಮಡಿಕೇರಿ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರು. 1961ರಲ್ಲಿ ಟಿಬೆಟಿನ ನಿರಾಶ್ರಿತರು ಕಾಡು ಕಡಿದು ಊರು ಕಟ್ಟಿದ ಜಾಗ. ಚಳಿಗಾಲದಲ್ಲಿ ಮೈಸೂರಿಗೆ ಸ್ವೆಟರ್ ಮಾರಲು ಬರುವ ಒಬ್ಬ ಅಮ್ಮ ವರ್ಷ ವರ್ಷ ನೋಡಿ ಪರಿಚಯವಾಗಿದ್ದರು. ಒಮ್ಮೆ ಮನೆಗೆ ಬನ್ನಿ ಅಂದರು, ಹೋದೆವು. ಬೆಣ್ಣೆ ಚಹಾ ಕೊಟ್ಟರು. ಒತ್ತಿ ಇಟ್ಟಿಗೆಯಂತೆ ಮಾಡಿದ ಚಹಾ ಸೊಪ್ಪನ್ನು ತುಂಬಾ ಹೊತ್ತು ಕುದಿಸಿ, ಉಪ್ಪು, ಬೆಣ್ಣೆ ಹಾಕಿ ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುವುದು ಹಳೇ ಪದ್ಧತಿ. ಅವರ ಮನೆಯಲ್ಲಿ ಮಿಕ್ಸಿಗೆ ಹಾಕಿದರು. ಸಿಹಿ ಇರುತ್ತದೆ ಅಂದುಕೊಂಡು ಬಾಯಿಗಿಟ್ಟ ನನಗೆ ಬೆಚ್ಚಗಿನ ಉಪ್ಪು ಸಾರು ಕುಡಿದ ಹಾಗಾಯಿತು. ಬಿಡುವುದು ಹೇಗೆ? ಅವ್ವನ ಮಗಳು ನಾನು. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಖಾಲಿ ಮಾಡಿದೆ. ಅವರು ಮತ್ತೆ ತುಂಬಿಸಿದರು. ಮತ್ತೆ ಖಾಲಿ ಮಾಡಿದೆ. ಮತ್ತೆ ತುಂಬಿಸಿದರು. ನಾಲ್ಕು ಬಟ್ಟಲು ಆಯಿತು. ನನ್ನ ಗಂಡ ಒಂದೇ ಗುಟುಕು ಕುಡಿದು ಆರಾಮಾಗಿ ಮಾತಾಡುತ್ತಾ ಕೂತಿದ್ದರು, ಅವರ ಬಟ್ಟಲಿನ ತಂಟೆಗೆ ಯಾರೂ ಹೋಗಲಿಲ್ಲ.

ಹೊರಡುವಾಗ ಆ ಅಮ್ಮನ ಮಗಳು ನಗುತ್ತಾ ಗುಟ್ಟು ಬಿಟ್ಟುಕೊಟ್ಟಳು. ಬಟ್ಟಲು ಖಾಲಿಯಾದರೆ ತುಂಬಿಸುವುದು ಮನೆಯವರ ಧರ್ಮ. ಸಾಕಾದರೆ ತುಂಬಿದ ಬಟ್ಟಲನ್ನು ಹಾಗೇ ಬಿಡಬೇಕು. ಎದ್ದು ಹೊರಡುವಾಗ ಕುಡಿದರೆ ಸಾಕು. ಅರಬ್ಬರಲ್ಲಿ ಇನ್ನೊಂದು ಥರ. ಕೈಗೆ ಪುಟ್ಟ ಬಟ್ಟಲು ಕೊಟ್ಟು, ಏಲಕ್ಕಿ ಹಾಕಿದ ತೆಳು ಕಾಫಿಯನ್ನು ತಳಕ್ಕೆ ಒಂದಿಷ್ಟೇ ಬಿಡುತ್ತಾರೆ. ಬಟ್ಟಲನ್ನು ಕೈಯಲ್ಲಿ ಅಲ್ಲಾಡಿಸಿದರೆ ಸಾಕು ಅಂತ ಅರ್ಥ, ಅಲ್ಲಿಯವರೆಗೂ ಬರುತ್ತಲೇ ಇರುತ್ತದೆ. ತುಂಬ ಕೊಟ್ಟರೆ ‘ಕುಡಿದು ಹೊರಡಿ’ ಅಂದಂತೆ! ಇಥಿಯೋಪಿಯಾದಲ್ಲಿ ಎದುರಿಗೇ ಹಸಿ ಬೀಜ ಹುರಿದು, ಕುಟ್ಟಿ, ಮೂರು ಸುತ್ತು ಕೊಡುತ್ತಾರೆ. ಮೂರನೇ ಸುತ್ತಿಗೆ ಬರಕಾ ಅಂತ ಹೆಸರು, ಆಶೀರ್ವಾದ ಅಂತ ಅರ್ಥ. ಅದಕ್ಕೆ ಮುಂಚೆ ಏಳುವ ಹಾಗಿಲ್ಲ. ಎಲ್ಲ ಕಡೆಯೂ ಬಾಯಲ್ಲಿ ಸಾಕು ಅನ್ನುವುದು ಕಷ್ಟ ಅಂತ ಗೊತ್ತಿದ್ದವರೇ ಇಂಥ ಸನ್ನೆ, ಲೆಕ್ಕ ಮಾಡಿಟ್ಟಿರಬೇಕು. ನಮ್ಮಲ್ಲಿ ಮಾತ್ರ ಅಂಥ ಬಾಗಿಲೇ ಇಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಕೈ ಮೇಲೇ ಪಾಯಸ.

ಸಂಕ್ರಾಂತಿ ಹೊತ್ತಿಗೆ, ಅವರೆಕಾಯಿ ಕಾಲದಲ್ಲಿ, ಆ ಹುಡುಗಿಯನ್ನು ಊರಿಗೆ ಕರೆದುಕೊಂಡು ಹೋದೆ. ಅವಳು ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಫೋನ್ ಮಾಡಿ ಹೇಳಿದ್ದೆ. ಅವ್ವನಿಗೆ ಅದೇ ದೊಡ್ಡ ಕೊರಗು. “ಸಮುದ್ರ ದಾಟ್ಕಂಡ್ ಬಂದಿರೋ ಮಗೀಗೆ ಬರೀ ಕಾಳ್ ಸಾರಾ? ಒಂದ್ ಕೋಳಿನಾರ ಕುಯ್ಬಾರ್ದಾ?” ನೆಂಟರು ಬಂದ ದಿನ ಕೋಳಿ ಕುಯ್ಯಲಿಲ್ಲ ಅಂದರೆ ಆ ಮನೆಯ ಮಾನ ಹೋದಂತೆ. ಕೊನೆಗೆ ಹಿತಕಿದ ಬೇಳೆ ಸಾರಿಗೆ ಒಪ್ಪಿದಳು. ಒಂದೊಂದೇ ಅವರೆಕಾಳು ಹಿತುಕಿ ಸಿಪ್ಪೆ ಬಿಡಿಸುತ್ತಾ ನಾಲ್ಕು ಹೆಂಗಸರು ಬೆಳಗಿನಿಂದ ಕೂತಿದ್ದರು. ಅವರ ಬೆರಳ ತುದಿ ಮುದುಡಿ ಬೆಳ್ಳಗಾಗಿತ್ತು. ಸಾರು ಮಾತ್ರ ಅರ್ಧ ಗಂಟೆಯಲ್ಲಿ ಖಾಲಿ.

ಹುಡುಗಿ ಮುದ್ದೆಯನ್ನು ಅಗಿದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು ಅಂತ ತೋರಿಸಿಕೊಟ್ಟವು. ಒಂದು ಮುದ್ದೆ ಹೇಗೋ ಮುಗಿಸಿದಳು. ಅವ್ವ ಇನ್ನೊಂದು ತಂದಳು. ಹುಡುಗಿ ನಾನು ಕಲಿಸಿದ್ದ ಕನ್ನಡದಲ್ಲಿ, ಸ್ಪಷ್ಟವಾಗಿ, “ಬೇಡ ಅಮ್ಮ, ಸಾಕು” ಅಂದಳು.

“ಎಷ್ಟ್ ಚೆಂದಾಗ್ ಬ್ಯಾಡ ಅಂತದೆ ನೋಡು ಮಗ” ಅಂತ ಖುಷಿಪಟ್ಟು ಅವ್ವ ಮುದ್ದೆ ತಟ್ಟೆಗಿಟ್ಟಳು.

ವಾಪಸ್ ಬರುವಾಗ ಕಾರಿನಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ಕೇಳಿದಳು, ನಿಜವಾಗಿ ಬೇಡ ಅಂತ ಹೇಳಬೇಕಾದರೆ ಏನು ಹೇಳಬೇಕು? ನಾನು ಯೋಚಿಸಿದೆ. ಮೊದಲೆಲ್ಲ ‘ಇವತ್ತು ಶನಿವಾರ, ಒಪ್ಪೊತ್ತು’ ಅಂದರೆ ಬಿಡುತ್ತಿದ್ದರು. ಈಗ ಒಂದೇ ಮಾತು ನಡೆಯುವುದು: ಶುಗರ್. ‘ನನಗೆ ಶುಗರ್ ಇದೆ’ ಅಂದರೆ ಎಂಥಾ ಅತ್ತೆಯೂ ಸೌಟು ಕೆಳಗಿಡುತ್ತಾಳೆ. ಅಂದರೆ ನಮ್ಮಲ್ಲಿ ಬೇಡ ಅನ್ನಲು ದೇವರು ಬೇಕು, ಇಲ್ಲ ಡಾಕ್ಟರು ಬೇಕು. ಬರೀ ನನಗೆ ಬೇಡ ಅಂದರೆ ಅದು ಕಾರಣವೇ ಅಲ್ಲ.

ಅವಳು ನಕ್ಕು, ತನ್ನ ಅಜ್ಜಿಯ ಊರಿನಲ್ಲೂ ಹೀಗೇ ಇತ್ತು ಅಂದಳು. ಕಾಫಿ ಮೇಜಿಗೆ ಬನ್ನಿ ಅಂತ ಕರೆದ ಕೂಡಲೇ ಯಾರೂ ಏಳುತ್ತಿರಲಿಲ್ಲವಂತೆ. ನೀವು ಹೋಗಿ, ನೀವು ಹೋಗಿ ಅಂತ ಒಬ್ಬರನ್ನೊಬ್ಬರು ತಳ್ಳುತ್ತಾ ಕಾಫಿ ಆರಿಹೋಗುವುದಂತೆ. ಅಜ್ಜಿ ಕಾಫಿಯನ್ನು ಸಾಸರಿಗೆ ಬಗ್ಗಿಸಿಕೊಂಡು, ಸಕ್ಕರೆ ಗಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಸುರಕ್ ಅಂತ ಕುಡಿಯುತ್ತಿದ್ದಳಂತೆ. ಅವಳ ಅಮ್ಮನ ಕಾಲಕ್ಕೆ ಅದೆಲ್ಲ ಹೋಯಿತು. ಅವರು ಹಾಗೆ, ನಾವು ಹೀಗೆ ಅಂತ ನಾನು ಎಳೆದಿದ್ದ ಗೆರೆ ಮಂಡ್ಯ ದಾಟುವಷ್ಟರಲ್ಲಿ ಅಳಿಸಿಹೋಯಿತು.

ಆದರೆ ಅವಳಿಗೆ ಹೇಳದ ಒಂದು ವಿಷಯವಿತ್ತು. ಮಧ್ಯಾಹ್ನ ಅವಳು ಬೆನ್ನು ಕೊಟ್ಟು ಕೂತಿದ್ದ ಜಗಲಿ ಗೋಡೆಯಲ್ಲಿ ಮೊದಲು ಒಂದು ಗೂಡಿತ್ತು. ಅದರಲ್ಲಿ ಒಂದು ಲೋಟ ಬೋರಲು ಹಾಕಿರುತ್ತಿತ್ತು. ಗದ್ದೆ ಕೆಲಸಕ್ಕೆ ಬರುತ್ತಿದ್ದ ಒಬ್ಬರಿಗೆ ಅಂತ ಇಟ್ಟದ್ದು. ಅವರೇ ತೆಗೆದು, ತೊಳೆದು, ಕೆಳಗೆ ಹಿಡಿಯುವರು. ಅವ್ವ ಮೇಲಿನಿಂದ ಕಾಫಿ ಬಿಡುವಳು. ಕುಡಿದು, ತಾವೇ ತೊಳೆದು, ಬೋರಲು ಹಾಕಿ ಹೋಗುವರು. ಅವರನ್ನೂ ಅವ್ವ ಯಾವತ್ತೂ ಬೇಕಾ ಅಂತ ಕೇಳಿದವಳಲ್ಲ. ಅದೇ ಕಾಫಿ, ಅದೇ ಬೆಲ್ಲ. ನಾನು ಏಳು ವರ್ಷದವಳು, ನಮ್ಮಪ್ಪನಿಗಿಂತ ದೊಡ್ಡವರಾದ ಅವರನ್ನು ಹೆಸರು ಹಿಡಿದು, ಏಕವಚನದಲ್ಲಿ ಕೂಗುತ್ತಿದ್ದೆ. ಅವರು ‘ಬಂದೆ ಕಣವ್ವ’ ಅನ್ನುತ್ತಿದ್ದರು. ಮನೆಗೆ ಹೊಸದಾಗಿ ಸಿಮೆಂಟು ಬಳಿಸಿದಾಗ ಗೂಡು ಮುಚ್ಚಿದರು. ಯಾರೂ ಏನೂ ಮಾತಾಡಲಿಲ್ಲ. ‘ಅತಿಥಿ ದೇವೋ ಭವ’ ಅಂತ ಬೋರ್ಡು ಹಾಕಿದ್ದು ಕಂಡಾಗ ನನಗೆ ಮೊದಲು ನೆನಪಾಗುವುದು ಆ ಗೂಡು. ಅವರಿಗೆ ಆ ಕಾಫಿ ಬೇಕಿತ್ತೋ, ಹಾಗೆ ಬೇಕಿತ್ತೋ, ಕೇಳಿದವರಿರಲಿಲ್ಲ. ಮಂಡ್ಯದ ಆತಿಥ್ಯದ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ಕೇಳದೆ ಕೊಡುವುದಕ್ಕೆ ಇನ್ನೊಂದು ಬದಿಯೂ ಇದೆ. ಮಾಡುವವರು ಯಾರು? ಆರು ಜನ ಹೇಳದೆ ಬಂದು ಹಜಾರದಲ್ಲಿ ಕೂತಿರುತ್ತಾರೆ, ಒಳಗೆ ಹಾಲು ಅರ್ಧ ಲೀಟರ್. ಗಂಡ ಅಲ್ಲಿಂದಲೇ “ಕಾಫಿ ತಗೊಂಡ್ ಬಾ” ಅಂತ ಕೂಗುತ್ತಾರೆ. ಅವರ ಕೂಗಿನಲ್ಲಿ ಧಾರಾಳ ಉಕ್ಕುತ್ತಿರುತ್ತದೆ, ಒಲೆ ಮೇಲೆ ಹಾಲು ಉಕ್ಕುತ್ತಿರುವುದಿಲ್ಲ. ಹಳ್ಳಿಯಲ್ಲಾದರೆ ಹಿತ್ತಲ ಬಾಗಿಲಿನಿಂದ ಮಗುವನ್ನು ಓಡಿಸಿ ಪಕ್ಕದ ಮನೆಯಿಂದ ಒಂದು ಚೊಂಬು ಹಾಲು ತರಿಸಬಹುದಿತ್ತು. ಇಲ್ಲಿ ಎರಡನೇ ಡಿಕಾಕ್ಷನ್ ಇಳಿಸಿ, ಹಾಲಿಗೆ ನೀರು ತೋರಿಸಿ, ನನ್ನ ಪಾಲು ಬಿಟ್ಟು ಆರು ಲೋಟ ಮಾಡುತ್ತೇನೆ.

ಇನ್ನು ಬೆಲ್ಲದ ಮಾತು. ಕನ್ನಂಬಾಡಿ ನೀರು ನಾಲೆಗೆ ಬಂದು ರಾಗಿ ಹೊಲಗಳೆಲ್ಲ ಕಬ್ಬಿನ ಗದ್ದೆ ಆದವು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಆದರೂ ನನ್ನ ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಸಕ್ಕರೆ ದೊಡ್ಡವರ ವಸ್ತು. ಮನೆಯವರಿಗೆ ಆಲೆಮನೆಯಿಂದ ಬಂದ ಬೆಲ್ಲ. ಪುಡಿಯನ್ನು ನೀರಲ್ಲಿ ಬೆಲ್ಲದ ಜೊತೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಕೆಳಗಿಳಿಸಿದ ಮೇಲೆ ಹಾಲು ಬೆರೆಸಬೇಕು. ಹಾಲು ಬೆಲ್ಲ ಒಟ್ಟಿಗೆ ಕುದಿಸಿದರೆ ಒಡೆದುಹೋಗುತ್ತದೆ. ಮೇಷ್ಟ್ರು, ಶಾನುಭೋಗರು, ಬೀಗರು ಬಂದರೆ ಮಾತ್ರ ಡಬ್ಬಿಯಿಂದ ಸಕ್ಕರೆ ಇಳಿಯುತ್ತಿತ್ತು. ಈಗ ಮೈಸೂರಿನಲ್ಲಿ ಬೆಲ್ಲದ ಕಾಫಿ ಅಂತ ಬೋರ್ಡು ಹಾಕಿ, ಮಾಮೂಲಿ ಕಾಫಿಗಿಂತ ಜಾಸ್ತಿ ದುಡ್ಡು ತೆಗೆದುಕೊಳ್ಳುತ್ತಾರೆ. ಇರಲಿ.

ಮಾರ್ಚಿನಲ್ಲಿ ಅವ್ವನಿಗೆ ಕಣ್ಣಿನ ಪೊರೆ ತೆಗೆಸಲು ಮೈಸೂರಿಗೆ ಕರೆತಂದೆವು. ಹುಡುಗಿ ಊರಿಗೆ ಹೊರಡುವ ವಾರ. ಅಮ್ಮನನ್ನು ಮೇಲೆ ಕರೆದುಕೊಂಡು ಬನ್ನಿ, ನಾನು ಕಾಫಿ ಮಾಡುತ್ತೇನೆ ಅಂದಳು. ಅವ್ವ ಕರಿ ಕನ್ನಡಕ ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು.

“ಅಮ್ಮನಿಗೆ ಕಾಫಿ ಹೇಗೆ ಬೇಕು ಕೇಳಿ” ಅಂತ ಹುಡುಗಿ ನನಗೆ ಹೇಳಿದಳು. ನಾನು ಕೇಳಿದೆ.

“ನಂಗೇನ್ ಮಗ, ಹೆಂಗಾದ್ರೂ ಸರಿ” ಅಂದಳು ಅವ್ವ.

ಹುಡುಗಿ ಬಿಡಲಿಲ್ಲ. ಹಾಲು ಹಾಕಲಾ, ಬೇಡವಾ? ಸಕ್ಕರೆ? ಎಷ್ಟು? ಅವ್ವ ನನ್ನ ಕಡೆ ತಿರುಗಿದಳು. ಎಪ್ಪತ್ತೈದು ವರ್ಷದವಳು, ಪರೀಕ್ಷೆಯಲ್ಲಿ ಓದದೇ ಇರುವ ಪ್ರಶ್ನೆ ಬಂದ ಮಕ್ಕಳ ಹಾಗೆ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮೆತ್ತಗೆ ಕೇಳಿದಳು, “ಬೆಲ್ಲ ಇದ್ದದಾ?”

“ಇಷ್ಟು ವರ್ಷ ನಮ್ಮನೇಲಿ ಸಕ್ಕರೆ ಕಾಫಿ ಕುಡೀತಿದ್ದೆಯಲ್ಲವ್ವ?”

“ನೀ ಕೊಟ್ಟೆ. ಕುಡುದೆ.”

ನಾನು ಕೆಳಗಿಳಿದು ಬಂದೆ. ಡಬ್ಬಿಯಲ್ಲಿ ಅಚ್ಚು ಬೆಲ್ಲ ಒಂದೇ ಇತ್ತು. ಕುಟ್ಟಾಣಿಯಲ್ಲಿ ಒಡೆದು ನಾಲ್ಕು ಚೂರು ತಟ್ಟೆಗೆ ಹಾಕಿಕೊಂಡು ಹೋದೆ. ಅಷ್ಟರಲ್ಲಿ ಹುಡುಗಿ ತನ್ನ ಗಾಜಿನ ಜಗ್ಗಿನಿಂದ ಹಾಲಿಲ್ಲದ ತೆಳು ಕಾಫಿ ಬಗ್ಗಿಸಿದ್ದಳು. ಅವ್ವ ಒಂದು ಚೂರು ಬೆಲ್ಲ ತೆಗೆದು ಕಾಫಿಗೆ ಹಾಕಲಿಲ್ಲ. ಉಳಿದ ಹಲ್ಲುಗಳಿದ್ದ ಕಡೆ ದವಡೆಗೆ ಒತ್ತಿಕೊಂಡು, ಸುರಕ್ ಅಂತ ಒಂದು ಗುಟುಕು ಎಳೆದಳು. ಹುಡುಗಿ ತನ್ನ ಹಲ್ಲು ಮುಟ್ಟಿ ತೋರಿಸುತ್ತಾ “ಅಜ್ಜಿ! ಅಜ್ಜಿ!” ಅಂತ ಕುಣಿದಳು. ಅವ್ವನಿಗೆ ಅರ್ಥವಾಗಲಿಲ್ಲ. ಆದರೂ ನಕ್ಕಳು.

ಕಪ್ಪು ಖಾಲಿಯಾಯಿತು. ಹುಡುಗಿ ಜಗ್ಗು ಎತ್ತಿ, “ಇನ್ನೊಂದು ಸ್ವಲ್ಪ?” ಅಂದಳು.

“ಬ್ಯಾಡ ಮಗ, ಸಾಕು” ಅಂದಳು ಅವ್ವ.

ಹುಡುಗಿ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಅವಳು ಇನ್ನೊಂದು ಗಳಿಗೆ ಯೋಚಿಸಿ, ಬಗ್ಗಿಸಿಯೇಬಿಟ್ಟಳು.